ಚಿನ್ನದ ಪಟ್ಟಿಯ ಸಾರಥಿ

ಕೇಳದೆ ಸಲಹೆ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಗುವುದಿಲ್ಲ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ನಿಜ ಹೇಳಬೇಕೆಂದರೆ ಮೈಯೆಲ್ಲ ಉರಿಯುತ್ತದೆ. ಆದರೆ ಅವರಿಗಿಂತ ದೊಡ್ಡ ಪಾಪಿಗಳು ಇನ್ನೊಂದು ಬಗೆಯವರಿದ್ದಾರೆ. ಅವರು ಸಲಹೆ ಕೇಳುವವರು. ಉತ್ತರ ಕಣ್ಣೆದುರಿಗೇ ಕೂತಿದ್ದರೂ ಊರಿಗೆಲ್ಲ ಫೋನು ಮಾಡಿ, ಒಬ್ಬೊಬ್ಬರು ಒಂದೊಂದು ಹೇಳಿದ ಮೇಲೆ, ಅದರಲ್ಲಿ ಅತ್ಯಂತ ಕಷ್ಟದ್ದನ್ನೇ ಹುಡುಕಿ ಆರಿಸಿಕೊಂಡು, ‘ಎಲ್ರೂ ಹೀಗೇ ಅಂದ್ರಪ್ಪ’ ಎನ್ನುವವರು. ನನ್ನ ಗಂಡ ಈ ಎರಡನೆಯ ಬಗೆ. ನನ್ನನ್ನು ನೋಡಿಕೊಂಡು ಹೋದ ಮೇಲೂ ಇವರು ಎಷ್ಟು ಜನರನ್ನು ಕೇಳಿದ್ದರೋ ಗೊತ್ತಿಲ್ಲ. ಅವರಲ್ಲಿ ಒಬ್ಬರಾದರೂ ‘ಬೇಡ’ ಎಂದಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದೆವು.

ನಮ್ಮದು ನಗೋಯಾ. ಮೈಸೂರಿನವರು ನಾವು, ಆದರೆ ಮಗಳು ಹುಟ್ಟುವ ಮುಂಚಿನಿಂದ ಇಲ್ಲೇ ಇದ್ದೇವೆ. ಜಪಾನಿನ ಕಾರುಗಳೆಲ್ಲ ಹುಟ್ಟುವುದು ನಮ್ಮ ಅಕ್ಕಪಕ್ಕದಲ್ಲೇ ಎಂದು ಇಲ್ಲಿನ ಜನಕ್ಕೆ ಹೆಮ್ಮೆ. ಇವರು, ಅಂದರೆ ನನ್ನ ಗಂಡ ಶ್ರೀಧರ, ಅಂಥ ಕಾರುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಒಂದು ಕಚೇರಿಯಲ್ಲಿ ಎಂಜಿನಿಯರು. ಹೆದ್ದಾರಿಯಲ್ಲಿ ಕಾರು ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಒಳಗೆ ಪೀ ಪೀ ಎಂದು ಕೂಗುತ್ತದಲ್ಲ, ಆ ಕೂಗು ಇವರದು. ಡ್ರೈವರು ತೂಕಡಿಸುತ್ತಿದ್ದಾನೆ ಎಂದು ಅನುಮಾನ ಬಂದರೆ ಮುಂದಿನ ಪರದೆಯಲ್ಲಿ ಹಬೆಯಾಡುವ ಕಾಫಿ ಲೋಟದ ಚಿತ್ರ ಮೂಡುತ್ತದಲ್ಲ, ಆ ಲೋಟವೂ ಇವರ ತಂಡದ್ದೇ. ಇಷ್ಟು ದೊಡ್ಡ ಕಾರು ಪಂಡಿತರು ದಿನಾ ಆಫೀಸಿಗೆ ಹೋಗುವುದು ಸಬ್‌ವೇ ರೈಲಿನಲ್ಲಿ. ನಮ್ಮ ಮನೆಯಲ್ಲಿ ಕಾರೇ ಇಲ್ಲ. ‘ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನೇನೆ?’ ಎಂದು ಇವರ ಸಮರ್ಥನೆ.

ಲೈಸೆನ್ಸ್ ಮಾತ್ರ ಇದೆ, ಅದೂ ಎಂಥದ್ದು! ಭಾರತದ ಲೈಸೆನ್ಸನ್ನು ಜಪಾನಿನದಾಗಿ ಬದಲಾಯಿಸಿಕೊಳ್ಳಲು ಇಲ್ಲಿ ಪೊಲೀಸಿನವರ ಮುಂದೆ ಗಾಡಿ ಓಡಿಸಿ ತೋರಿಸಬೇಕು. ಕತ್ತು ತಿರುಗಿಸಿ ಹಿಂದೆ ನೋಡಲಿಲ್ಲವೆಂದು ಒಂದು ಸಲ, ತಿರುವಿನಲ್ಲಿ ಅಗಲವಾಗಿ ಹೋದಿರೆಂದು ಇನ್ನೊಂದು ಸಲ, ಹೀಗೆ ಫೇಲಾಗಿ ಫೇಲಾಗಿ ಕೊನೆಗೆ ಆ ಪರೀಕ್ಷಕನಿಗೇ ಬೇಜಾರು ಬಂದು ಪಾಸು ಮಾಡಿದ. ಪಾಸಾದ ದಿನ ಮುಟ್ಟಿದ ಸ್ಟೇರಿಂಗನ್ನು ಇವರು ಆಮೇಲೆ ಮುಟ್ಟಿಲ್ಲ. ಐದು ವರ್ಷ ಒಂದೂ ತಪ್ಪು ಮಾಡದೆ ಗಾಡಿ ಓಡಿಸಿದವರಿಗೆ ಇಲ್ಲಿನ ಸರ್ಕಾರ ಲೈಸೆನ್ಸಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಹಾಕಿ ಕೊಡುತ್ತದೆ. ಓಡಿಸದೇ ಇದ್ದವರಿಗೂ ಕೊಡುತ್ತದೆ, ಯಾಕೆಂದರೆ ಓಡಿಸದವನು ತಪ್ಪು ಮಾಡುವುದಾದರೂ ಹೇಗೆ? ಇಂಥವರನ್ನು ಇಲ್ಲಿ ‘ಪೇಪರ್ ಡ್ರೈವರ್’ ಎನ್ನುತ್ತಾರೆ. ಕಾಗದದ ಮೇಲೆ ಸಾರಥಿಗಳು. ಆ ಚಿನ್ನದ ಪಟ್ಟಿ ಬಂದ ದಿನ ಇವರು ಅದರ ಫೋಟೋ ತೆಗೆದು ಮೈಸೂರಿಗೆ ಕಳಿಸಿದರು. ನಮ್ಮ ಅತ್ತೆಯವರು ಅದನ್ನು ಬೀದಿಗೆಲ್ಲ ತೋರಿಸಿ, ಮಗನಿಗೆ ಜಪಾನಿನಲ್ಲಿ ಚಿನ್ನದ ಪದಕ ಬಂತು ಎಂದು ಹೇಳಿಕೊಂಡು ಬಂದರು.

ಕೊರೋನಾದ ಕೊನೆಯ ಚಳಿಗಾಲದಲ್ಲಿ ನನ್ನ ತಮ್ಮನ ಮದುವೆಗೆಂದು ಮೂವರೂ ಮೈಸೂರಿಗೆ ಹೋದೆವು. ಮದುವೆ ಚೆನ್ನಾಗಿ ಆಯಿತು, ರೋಗವೂ ಚೆನ್ನಾಗಿ ಹರಡಿತು. ಜಪಾನಿಗೆ ಬರುವ ವಿಮಾನ ಹತ್ತಬೇಕಾದರೆ ನೆಗೆಟಿವ್ ಎಂಬ ಸರ್ಟಿಫಿಕೇಟು ಬೇಕು. ನನ್ನದು ನೆಗೆಟಿವ್ ಬಂದರೆ ಇವರದು ಪಾಸಿಟಿವ್, ಇವರದು ಸರಿಹೋಯಿತು ಎನ್ನುವಷ್ಟರಲ್ಲಿ ಮಗಳದು ಪಾಸಿಟಿವ್. ಹೀಗೆ ಪಾಳಿ ಹಾಕಿಕೊಂಡು ಮಲಗಿ ಎದ್ದು ಮಲಗಿ, ಮಾರ್ಚ್ ಬಂದುಬಿಟ್ಟಿತು. ಮಗಳು ಇಂಚರ ಆಗ ಆರನೇ ಕ್ಲಾಸು. ಇಲ್ಲಿ ಆರನೇ ಕ್ಲಾಸಿಗೆ ಪ್ರೈಮರಿ ಮುಗಿಯುತ್ತದೆ, ಮಾರ್ಚಿನಲ್ಲಿ ದೊಡ್ಡ ಬೀಳ್ಕೊಡುಗೆ ಸಮಾರಂಭ. ಮಕ್ಕಳೆಲ್ಲ ಸೇರಿ ಹಾಡುತ್ತಾರೆ, ಅವರಲ್ಲೇ ಒಬ್ಬರು ಪಿಯಾನೋ ನುಡಿಸುತ್ತಾರೆ. ಆ ವರ್ಷ ನುಡಿಸಲು ಆರಿಸಿದ್ದು ನಮ್ಮ ಇಂಚರಳನ್ನು. ಮೈಸೂರಿನಲ್ಲಿ ಬೆಳಗಿನ ಜಾವ ಎದ್ದು ಆನ್‌ಲೈನ್ ಪಾಠ ಕೇಳಿ, ಹಗಲೆಲ್ಲ ತಮ್ಮನ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡಿ, ಮಗು ಅದೊಂದನ್ನೇ ಜಪ ಮಾಡುತ್ತಿತ್ತು. ಅವಳ ಟೀಚರು ಪಾಪ ಒಳ್ಳೆಯವರು, ಜಾಗ ಹಾಗೇ ಇಟ್ಟಿದ್ದರು. ಆದರೆ ಅಕಸ್ಮಾತ್ ನಾವು ಬರದೇ ಹೋದರೆ ಇರಲಿ ಎಂದು ಇನ್ನೊಬ್ಬ ಹುಡುಗಿಯನ್ನೂ ತಯಾರು ಮಾಡಿಟ್ಟಿದ್ದರು. ‘ಶಿ ಈಸ್ ಆಲ್ಸೋ ಗುಡ್, ಅಮ್ಮಾ’ ಎಂದು ಇಂಚರ ದಿನಕ್ಕೊಂದು ಸಲ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೂ ಮೂವರೂ ಒಟ್ಟಿಗೆ ನೆಗೆಟಿವ್ ಆದೆವು. ಟಿಕೆಟ್ ಸಿಕ್ಕಿತು, ಆದರೆ ನರಿತಾಕ್ಕೆ. ನರಿತಾ ಎಂದರೆ ಟೋಕಿಯೋದ ಆಚೆ ಮಗ್ಗುಲು. ಅಲ್ಲಿಂದ ನಗೋಯಾಕ್ಕೆ ಅರ್ಧ ಜಪಾನು ದಾಟಬೇಕು. ನಿಯಮ ಏನಪ್ಪಾ ಎಂದರೆ, ಇಳಿದವರು ನೇರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂರಬೇಕು, ಮೂರನೆಯ ದಿನ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಬಿಡುಗಡೆ. ಲೆಕ್ಕ ಹಾಕಿದರೆ ಸಮಾರಂಭಕ್ಕೆ ಸರಿಯಾಗಿ ಹೊಂದುತ್ತಿತ್ತು, ಪರೀಕ್ಷೆಯ ಮರುದಿನವೇ ಸಮಾರಂಭ. ಮೊದಲೆಲ್ಲ ಹೊರದೇಶದಿಂದ ಬಂದವರು ರೈಲು ಬಸ್ಸು ಹತ್ತುವ ಹಾಗೇ ಇರಲಿಲ್ಲ, ಬಾಡಿಗೆ ಕಾರೇ ಗತಿ. ನಾವು ಹೊರಡುವ ಹೊತ್ತಿಗೆ ಸರ್ಕಾರ ಕನಿಕರಪಟ್ಟು, ಇಳಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಗೆ ಹೋಗುವುದಾದರೆ ರೈಲಿನಲ್ಲಿ ಹೋಗಬಹುದು ಎಂದಿತ್ತು. ಓದಿದ ತಕ್ಷಣ ನಾನು, ‘ರೀ, ಬುಲೆಟ್ ಟ್ರೈನಲ್ಲಿ ಹೋಗಿಬಿಡೋಣ, ಮಧ್ಯಾಹ್ನದ ಹೊತ್ತಿಗೆ ಮನೆ’ ಎಂದೆ. ನನ್ನ ಪ್ರಕಾರ ಮಾತು ಅಲ್ಲಿಗೆ ಮುಗಿಯಿತು.

ಇವರ ಪ್ರಕಾರ ಅಲ್ಲಿಂದ ಶುರುವಾಯಿತು. ‘ಒಂದ್ಸಲ ಕೇಳಿಬಿಡ್ತೀನಿ’ ಎಂದು ನಗೋಯಾದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದರು. ಹಬ್ಬದ ಶುಭಾಶಯಕ್ಕೂ ಉತ್ತರ ಕೊಡದ ಜನ ಇದಕ್ಕೆ ಮುಗಿಬಿದ್ದರು. ಯಾವಾಗಲೋ ನಗೋಯಾ ಬಿಟ್ಟು ದೂರದ ತ್ಸುಕುಬಾ ಎಂಬ ಊರಿನಲ್ಲಿ ಸಂಶೋಧನೆ ಮಾಡುತ್ತ ಎಲ್ಲೆಲ್ಲೂ ಸೈಕಲ್ಲಿನಲ್ಲೇ ಓಡಾಡುವ ಒಬ್ಬರು ಕೂಡ ಕಾರಿನ ಟಯರಿನ ಬಗ್ಗೆ ಎರಡು ಪುಟ ಬರೆದರು. ಇವರೆಲ್ಲರ ಗುರುಪೀಠ ಮಂಜುನಾಥ್. ಇವರ ಆಫೀಸಿನವನೇ, ನಮಗಿಂತ ಹತ್ತು ವರ್ಷ ಚಿಕ್ಕವನು, ಆದರೆ ಕೇಳಿದ್ದಕ್ಕೂ ಕೇಳದ್ದಕ್ಕೂ ಅವನ ಹತ್ತಿರ ಉತ್ತರ ಇದೆ. ಫೋನನ್ನು ಸ್ಪೀಕರಿನಲ್ಲಿ ಇಟ್ಟು ಇವರು ಭಕ್ತಿಯಿಂದ ಕೇಳಿದರು.

‘ಸಾರ್, ರೂಲ್ಸಲ್ಲಿ ಟ್ರೈನ್ ಓಕೆ ಸಾರ್. ಆದ್ರೆ ರೂಲ್ಸೇ ಬೇರೆ, ಪ್ರಾಕ್ಟಿಕಲ್ಲೇ ಬೇರೆ. ಇಷ್ಟು ದೊಡ್ಡ ಸೂಟ್‌ಕೇಸ್ ನೋಡಿದ್ರೆ ಪಕ್ಕದಲ್ಲಿರೋರಿಗೆ ಗೊತ್ತಾಗಲ್ವಾ, ಇವ್ರು ಫಾರಿನ್ನಿಂದ ಬರ್ತಿದಾರೆ ಅಂತ? ಬಾಯಿಬಿಟ್ಟು ಏನೂ ಅನ್ನಲ್ಲ ಸಾರ್, ನೋಡ್ತಾರೆ. ನೋಡೋದಿದ್ಯಲ್ಲಾ, ಅದು ಡೇಂಜರ್.’

‘ನೀನು ಹೇಗಪ್ಪಾ ಬಂದೆ ಮಂಜು, ಹೋದ ಸಲ?’ ಎಂದು ನಾನು ಹಿಂದಿನಿಂದ ಕೂಗಿದೆ.

‘ನಾನು ಕೊರೋನಾ ಬಂದ್ಮೇಲೆ ಊರಿಗೇ ಹೋಗಿಲ್ಲ ಮೇಡಂ.’

ಇದು ನಮ್ಮ ಅನುಭವಿಗಳ ಅನುಭವ! ಅಷ್ಟಕ್ಕೂ ಸಮಾಧಾನವಾಗದೆ ಇವರು ತಮ್ಮ ಮೇಲಿನವರಾದ ಕಾತೋ ಸಾನ್ ಅವರಿಗೂ ಫೋನು ಮಾಡಿದರು. ಕಾತೋ ಸಾನ್, ಕಾನೂನಿನಲ್ಲಿ ರೈಲಿಗೆ ಅಡ್ಡಿಯಿಲ್ಲ ಎಂದವರು ಅಲ್ಲಿಗೆ ನಿಲ್ಲಿಸಿ, ಹಲ್ಲಿನ ಸಂದಿಯಿಂದ ‘ಸ್ಸ್ಸ್’ ಎಂದು ಉದ್ದಕ್ಕೆ ಉಸಿರೆಳೆದುಕೊಂಡರಂತೆ. ಈ ದೇಶದಲ್ಲಿ ಬೇಡ ಎನ್ನುವುದಕ್ಕೆ ಬಾಯಿ ಉಪಯೋಗಿಸುವುದಿಲ್ಲ, ಉಸಿರು ಸಾಕು. ಆ ಉಸಿರನ್ನು ಕೇಳಿದ ಮೇಲೆ ಇವರು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ‘ಬೇರೆಯವರಿಗೆ ತೊಂದರೆ ಕೊಡಬಾರದು ಕಣೇ, ಅದು ಇಲ್ಲಿನ ಮೊದಲನೇ ಪಾಠ’ ಎಂದರು. ಮೈಸೂರಿನಲ್ಲಿ ‘ನಾಲ್ಕು ಜನ ಏನಂತಾರೆ’ ಎಂದು ಹೆದರುತ್ತೇವೆ, ನಿಜ. ಆದರೆ ಆ ನಾಲ್ಕು ಜನ ಮನೆ ಬಾಗಿಲಿಗೇ ಬಂದು ಅಂದು ಹೋಗುತ್ತಾರೆ, ಕಾಫಿ ಕುಡಿದು. ಇಲ್ಲಿನ ನಾಲ್ಕು ಜನ ಯಾವತ್ತೂ ಏನೂ ಅನ್ನುವುದಿಲ್ಲ, ಅದಕ್ಕೇ ಇವರಿಗೆ ಜನ್ಮವಿಡೀ ಹೆದರಿಕೆ. ಜಪಾನಿಯರಿಗಿಂತ ಎರಡು ಹಿಡಿ ಹೆಚ್ಚು ಜಪಾನಿಯಾಗಿಬಿಟ್ಟಿರುವ ಈ ನನ್ನ ಗಂಡ ಮೈಸೂರಿನಿಂದಲೇ ಬಾಡಿಗೆ ಕಾರು ಗೊತ್ತುಮಾಡಿದರು. ಓಡಿಸುವವರು ಯಾರು ಎಂದು ಕೇಳಿದೆ. ಉತ್ತರವಾಗಿ ಪರ್ಸಿನಿಂದ ಚಿನ್ನದ ಪಟ್ಟಿ ತೆಗೆದು ತೋರಿಸಿದರು.

ನರಿತಾದಲ್ಲಿ ಬೆಳಗ್ಗೆ ಇಳಿದೆವು. ಅಲ್ಲಿ ಎಂಜಲು ಪರೀಕ್ಷೆ. ಪ್ಲಾಸ್ಟಿಕ್ ಕೊಳವೆಯೊಂದನ್ನು ಕೈಗೆ ಕೊಟ್ಟು ಗೆರೆಯವರೆಗೆ ಉಗಿದು ತುಂಬಿಸಿ ಎನ್ನುತ್ತಾರೆ. ಬಾಯಲ್ಲಿ ನೀರೂರಲಿ ಎಂದು ಎದುರಿಗೆ ಗೋಡೆಯ ಮೇಲೆ ನಿಂಬೆಹಣ್ಣಿನ ಚಿತ್ರ, ಪಕ್ಕದಲ್ಲಿ ಜಪಾನಿಯರು ಉಪ್ಪಿನಲ್ಲಿ ಹಾಕಿಡುವ ಹುಳಿ ಪ್ಲಮ್ ಹಣ್ಣಿನ ಚಿತ್ರ. ಹುಣಸೆಹಣ್ಣು ಕಲಸಿ ಕಲಸಿ ಬೆಳೆದ ನಮ್ಮ ಬಾಯಿಗೆ ಒಂದು ನಿಂಬೆಹಣ್ಣಿನ ಫೋಟೋ ಯಾವ ಮೂಲೆಗೆ? ನಾನು ಮನಸ್ಸಿನಲ್ಲೇ ನಮ್ಮಮ್ಮ ಮಾಡಿದ ಪುಳಿಯೋಗರೆ ಗೊಜ್ಜನ್ನು ನೆನೆಸಿಕೊಂಡು ಎರಡು ನಿಮಿಷದಲ್ಲಿ ತುಂಬಿಸಿ ಕೊಟ್ಟೆ. ಇವರು ಮಾತ್ರ ಆ ಚಿತ್ರವನ್ನೇ ಶ್ರದ್ಧೆಯಿಂದ ನೋಡುತ್ತ ನಿಂತಿದ್ದರು. ಅದನ್ನು ನೋಡಿ ಎಂದು ಬರೆದಿತ್ತಲ್ಲ! ಇವರ ಕೊಳವೆ ತುಂಬುವವರೆಗೆ ಇಡೀ ಸಾಲು ಕಾದಿತು. ಫಲಿತಾಂಶ ಬಂದು, ಮೂವರೂ ನೆಗೆಟಿವ್ ಎನಿಸಿಕೊಂಡು ಹೊರಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಎಡಗಡೆ ರೈಲಿನ ಬೋರ್ಡು, ಬಲಗಡೆ ಬಾಡಿಗೆ ಕಾರಿನ ಬೋರ್ಡು. ನಾನು ಮಾತಾಡದೆ ಎಡಗಡೆ ಬೊಟ್ಟು ಮಾಡಿದೆ. ಇವರು ಮಾತಾಡದೆ ಬಲಗಡೆ ಟ್ರಾಲಿ ತಳ್ಳಿದರು.

ಕಾರಿನ ಕೌಂಟರಿನ ಹುಡುಗಿ ನೂರು ಸಲ ಬಗ್ಗಿ, ‘ಎಲ್ಲಿಗೆ ಹೋಗುತ್ತೀರಿ? ದಾರಿಯಲ್ಲಿ ಬೆಟ್ಟದ ಕಡೆ ಹಿಮ ಬೀಳಬಹುದು, ಚಳಿಗಾಲದ ಟಯರಿನ ಗಾಡಿ ಕೊಡಲೇ?’ ಎಂದು ಕೇಳಿದಳು. ಊರಿನ ಮಂದಿಯನ್ನೆಲ್ಲ ಸಲಹೆ ಕೇಳಿದ ಈ ಮನುಷ್ಯ, ಬಾಯಿ ತೆರೆದು ಸಲಹೆ ಕೊಟ್ಟ ಒಬ್ಬಳೇ ಒಬ್ಬ ತಿಳಿದವಳ ಮಾತು ಕೇಳಬೇಕೋ ಬೇಡವೋ? ‘ಮಾರ್ಚಲ್ಲಿ ಎಂಥ ಹಿಮ, ಅವರು ಎಲ್ರಿಗೂ ಹೀಗೇ ಕೇಳ್ತಾರೆ’ ಎಂದು ನನಗೆ ಕನ್ನಡದಲ್ಲಿ ಹೇಳಿ, ಅವಳಿಗೆ ಜಪಾನಿಯಲ್ಲಿ ಬೇಡವೆಂದರು. ಆ ಗಾಡಿಯನ್ನು ನೋಡಿದಾಗ ಇವರ ಮುಖ ಅರಳಿದ್ದನ್ನು ಹೇಳಲೇಬೇಕು. ಇವರ ಪೀ ಪೀ ಇದ್ದ ಮಾಡೆಲ್ಲೇ ಸಿಕ್ಕಿತ್ತು. ‘ನೋಡು ಇಂಚರಾ, ಇದರೊಳಗೆ ಅಪ್ಪ ಇದ್ದಾರೆ!’ ಎಂದರು. ‘ದೆನ್ ಹೂ ವಿಲ್ ಡ್ರೈವ್?’ ಎಂದಳು ಮಗಳು. ನನ್ನ ಮಗಳು ಎನ್ನುವುದರಲ್ಲಿ ಸಂಶಯವಿಲ್ಲ.

ಹೊರಟೆವು. ದಾರಿ ಹೇಳುವ ಯಂತ್ರದ ಹೆಣ್ಣು ಧ್ವನಿ ‘ಮುಂದೆ ಎಡಕ್ಕೆ ತಿರುಗಿ’ ಎಂದಾಗಲೆಲ್ಲ ಇವರು ‘ಹೈ’, ಅಂದರೆ ಅಪ್ಪಣೆ, ಎಂದು ತಲೆ ಬಗ್ಗಿಸುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೆ ಹೀಗೆ ತಲೆ ಬಗ್ಗಿಸಿದ್ದು ನಾನು ಕಾಣೆ. ಹೆದ್ದಾರಿಯ ಟೋಲ್ ಗೇಟಿನಲ್ಲಿ ಕಾರ್ಡಿದ್ದವರು ಹೋಗುವ ಸಾಲಿಗೆ, ಕಾರ್ಡಿಲ್ಲದ ನಾವು ನುಗ್ಗಿದೆವು. ಅಡ್ಡಗೋಲು ಏಳಲಿಲ್ಲ. ಹಿಂದೆ ಸಾಲು ಬೆಳೆಯಿತು. ಒಬ್ಬನಾದರೂ ಹಾರ್ನ್ ಹೊಡೆಯಬೇಡವೆ? ಮೈಸೂರಿನಲ್ಲಾಗಿದ್ದರೆ ಹಾರ್ನ್ ಹೊಡೆದು, ಕಿಟಕಿ ಇಳಿಸಿ, ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು, ಕೊನೆಗೆ ಒಬ್ಬ ಇಳಿದು ಬಂದು ‘ಹಿಂದಕ್ಕೆ ತಗೊಳ್ಳಿ ಸಾರ್, ತಗೊಳ್ಳಿ, ಬರ್ಲಿ ಬರ್ಲಿ’ ಎಂದು ಪಾರು ಮಾಡಿ ಕಳಿಸುತ್ತಿದ್ದ. ಇಲ್ಲಿ ಎಲ್ಲರೂ ಶ್ರಾದ್ಧಕ್ಕೆ ಬಂದವರ ಹಾಗೆ ಗಂಭೀರವಾಗಿ ಕೂತಿದ್ದರು. ಇವರು ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನವರಿಗೆಲ್ಲ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಿದ್ದರು. ರೈಲಿನಲ್ಲಿ ನಾಲ್ಕು ಜನ ನೋಡುತ್ತಾರೆ ಎಂದು ಹೆದರಿ ಕಾರು ಹತ್ತಿದವರನ್ನು ಈಗ ನಲವತ್ತು ಜನ ನೋಡುತ್ತಿದ್ದಾರಲ್ಲ ಎಂದೆ. ಕೊನೆಗೆ ಟೋಲಿನವನೊಬ್ಬ ಓಡಿಬಂದು, ಚೀಟಿ ಕೊಟ್ಟು, ಅಡ್ಡಗೋಲು ಎತ್ತಿಸಿದ.

ಹೆದ್ದಾರಿಗೆ ಬಿದ್ದ ಮೇಲೆ ಶುರುವಾಯಿತು ನೋಡಿ ಪೀ ಪೀ. ಇವರು ಗೆರೆಗೆ ಹೆದರಿ ಗೆರೆಯ ಕಡೆಗೇ ಹೋಗುವವರು. ಎಡಕ್ಕೆ ಸರಿದರೆ ಪೀ, ಬಲಕ್ಕೆ ಸರಿದರೆ ಪೀ. ಮೊದಲ ಹತ್ತು ಸಲ, ‘ಎಷ್ಟು ಕರೆಕ್ಟಾಗಿ ಹಿಡೀತಾ ಇದೆ ನೋಡು!’ ಎಂದು ಇವರಿಗೆ ಆನಂದ. ಆಮೇಲೆ ಹುಬ್ಬು ಗಂಟಿಕ್ಕಿತು. ‘ಇಷ್ಟಕ್ಕೆಲ್ಲಾ ಕೂಗಬಾರದಪ್ಪ, ಸ್ವಲ್ಪ ಜಾಸ್ತಿಯಾಯ್ತು’ ಎಂದು ಗೊಣಗಿದರು.

‘ನೀವೇ ಬರೆದದ್ದಲ್ವಾ?’ ಎಂದೆ.

‘ನಾವು ಬರೆಯೋವಾಗ ಮನಸ್ಸಲ್ಲಿ ಇಟ್ಕೊಂಡಿದ್ದು ತೀರಾ ಕೆಟ್ಟ ಡ್ರೈವರನ್ನ.’

‘ಹಂಗಾದ್ರೆ ಸರಿಯಾಗೇ ಬರ್ದಿದೀರ ಬಿಡಿ.’

ಅಷ್ಟರಲ್ಲಿ ಪರದೆಯ ಮೇಲೆ ಕಾಫಿ ಲೋಟ ಮೂಡಿತು. ಇವರಿಗೆ ನಿದ್ದೆ ಎಲ್ಲಿಂದ ಬರಬೇಕು, ಕಣ್ಣು ಕಿತ್ತು ಬರುವ ಹಾಗೆ ಬಿಟ್ಟುಕೊಂಡು ಕೂತಿದ್ದರು. ಆದರೂ ಇವರದೇ ಲೋಟ ಇವರಿಗೇ ‘ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬುದ್ಧಿ ಹೇಳಿತು. ಲಾರಿಗಳೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದವು. ಮೇಲಧಿಕಾರಿ ಹೇಳಿದಂತೆ ಭಾವಿಸಿ ಇವರು ವಿಶ್ರಾಂತಿ ಸ್ಥಳದಲ್ಲಿ ನಿಲ್ಲಿಸಿದರು. ಅಲ್ಲಿ ಬಿಸಿ ಕಾಫಿ, ಬಿಸಿ ಆಲೂಗಡ್ಡೆ, ಎಲ್ಲ ಇತ್ತು. ಆದರೆ ನಾವು ಮನೆ ಮುಟ್ಟುವವರೆಗೆ ಅಂಗಡಿಗೆ ಕಾಲಿಡುವ ಹಾಗಿಲ್ಲ ಎಂದು ಇವರ ಅಪ್ಪಣೆ, ಟಾಯ್ಲೆಟ್ಟಿಗೆ ಮಾತ್ರ ಪರವಾನಗಿ. ಕಿಟಕಿ ಮುಚ್ಚಿದ ಕಾರಿನೊಳಗೆ ಕೂತು ಮೈಸೂರಿನಿಂದ ತಂದಿದ್ದ ಒಣಕಲು ಚಪಾತಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ನನ್ನ ಬಾಯಿ ತಿನ್ನುವುದಕ್ಕೆ ಮಾತ್ರ ನಿಂತಿತ್ತು, ಮಿಕ್ಕಂತೆ ನರಿತಾದಿಂದ ಅಲ್ಲಿಯವರೆಗೆ ಅದು ಒಂದೇ ಸಮನೆ ಓಡುತ್ತಿತ್ತು. ಇವರನ್ನು ಅಂದೆ, ಮಂಜುನಾಥನನ್ನು ಅಂದೆ, ಕಾತೋ ಸಾನ್‌ರ ಉಸಿರನ್ನು ಅಂದೆ. ಇಂಚರ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನು ಹಾಕಿಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತ ತನ್ನ ಹಾಡು ನುಡಿಸಿಕೊಳ್ಳುತ್ತಿದ್ದಳು.

ಸಂಜೆಯಾಯಿತು. ಬೆಟ್ಟ ಹತ್ತಿರ ಬಂದ ಹಾಗೆ ಗಾಜಿನ ಮೇಲೆ ಹತ್ತಿಯ ಹಾಗೆ ಏನೋ ಅಂಟತೊಡಗಿತು. ಕೌಂಟರಿನ ಹುಡುಗಿ ಹೇಳಿದ ಹಿಮ, ಹೇಳಿದ ಜಾಗದಲ್ಲೇ ಬಿತ್ತು. ಮುಂದೆ ಕೆಂಪು ದೀಪದ ಕೋಲು ಹಿಡಿದ ಒಬ್ಬ ಕಾವಲಿನವನು ಎಲ್ಲ ಗಾಡಿಗಳ ಟಯರು ನೋಡುತ್ತಿದ್ದ. ನಮ್ಮದನ್ನು ನೋಡಿ, ಟೋಪಿ ತೆಗೆದು, ಆಳವಾಗಿ ಬಗ್ಗಿ, ಅತ್ಯಂತ ವಿನಯದಿಂದ ನಮ್ಮನ್ನು ಹೆದ್ದಾರಿಯಿಂದ ಹೊರಗೆ ಹಾಕಿದ. ಚಳಿಗಾಲದ ಟಯರಿಲ್ಲದವರು ಮುಂದೆ ಹೋಗುವಂತಿಲ್ಲ. ಬೆಟ್ಟದ ರಸ್ತೆ ಯಾವಾಗ ತೆರೆಯುತ್ತದೋ ಗೊತ್ತಿಲ್ಲ, ನಾಳೆ ಬೆಳಗ್ಗೆಯೂ ಆಗಬಹುದು ಎಂದ. ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕೂತರು. ಆಗ ಹಿಂದಿನಿಂದ ಇಂಚರಳ ಧ್ವನಿ ಬಂತು.

‘ಅಪ್ಪಾ, ನಾಳೆ ಮನೆಗೆ ಹೋದ್ರೆ ಟೆಸ್ಟ್ ಒಂದು ದಿನ ಲೇಟ್ ಆಗುತ್ತಾ? ದೆನ್... ಆ ಹುಡುಗೀನೇ ನುಡಿಸ್ತಾಳಾ?’

ಇವರು ಫೋನು ತೆಗೆದರು. ಬೆರಳು ಮಂಜುನಾಥನ ಹೆಸರಿನ ಮೇಲೆ ಹೋಗುವುದನ್ನು ಕಂಡೆ. ಸಿಟ್ಟು ನೆತ್ತಿಗೇರಿತು. ‘ಇನ್ನೊಬ್ಬರನ್ನ ಕೇಳಿದ್ರೆ ನಾನು ಇಲ್ಲೇ ಇಳಿದು ಹೊರಟುಹೋಗ್ತೀನಿ! ಇನ್ನೂ ಇಪ್ಪತ್ತನಾಲ್ಕು ಗಂಟೆ ಆಗಿಲ್ಲ. ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಆ ನಿಮ್ಮ ಹೈ ಹೈ ಅಮ್ಮನ್ನ ಕೇಳಿ, ನಡೀರಿ!’ ಎಂದು ಕಿರುಚಿದೆ. ಇವರು ಹೆದರಿ ಕೇಳಿದರು. ಕೆಳಗೆ ಸಮುದ್ರದ ಕಡೆ ಒದಾವಾರಾ, ಅಲ್ಲಿ ಬುಲೆಟ್ ಟ್ರೈನು ನಿಲ್ಲುತ್ತದೆ, ಅಲ್ಲಿ ಹಿಮವೂ ಇರಲಿಲ್ಲ. ಅದೇ ಬಾಡಿಗೆ ಕಂಪನಿಯ ಅಂಗಡಿ ಸ್ಟೇಷನ್ನಿನ ಪಕ್ಕದಲ್ಲೇ ಇತ್ತು. ಕಾರನ್ನು ಅಲ್ಲಿ ಒಪ್ಪಿಸಿ, ಇವರು ಅದರ ಬಾನೆಟ್ಟಿಗೂ ಒಮ್ಮೆ ತಲೆ ಬಗ್ಗಿಸಿ ಬಂದರು.

ಗೆದ್ದೆ ಎಂದುಕೊಂಡೆ. ಬೀಗುತ್ತ ಪ್ಲಾಟ್‌ಫಾರಂಗೆ ಬಂದವಳು, ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ನಮ್ಮ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿದ್ದೇ ತಡ, ನಾನೂ ಅತ್ತ ನೋಡಿದೆ. ಸೂಟ್‌ಕೇಸಿನ ಹಿಡಿಗಳಲ್ಲಿ ವಿಮಾನದ ಉದ್ದುದ್ದ ಚೀಟಿಗಳು, ದಪ್ಪ ಅಕ್ಷರದಲ್ಲಿ ನರಿತಾ ಎಂದು ಸಾರುತ್ತ, ತೋರಣ ಕಟ್ಟಿದ ಹಾಗೆ ನೇತಾಡುತ್ತಿದ್ದವು. ಬಗ್ಗಿ ಅವನ್ನೆಲ್ಲ ಹಲ್ಲಿನಿಂದ ಕಿತ್ತೆ. ‘ಏನೇ ಮಾಡ್ತಿದೀಯ?’ ಎಂದರು ಇವರು. ‘ಕಸ ಅಂಟಿತ್ತು’ ಎಂದೆ. ರೈಲು ಬಂತು, ಅದೂ ಎಲ್ಲ ಸ್ಟೇಷನ್ನಿನಲ್ಲೂ ನಿಂತು, ವೇಗದ ರೈಲುಗಳಿಗೆಲ್ಲ ದಾರಿ ಬಿಟ್ಟು ಹೋಗುವ ಬಡಪಾಯಿ ರೈಲು. ಡಬ್ಬಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ‘ಅಮ್ಮಾ, ಏರ್‌ಪೋರ್ಟಲ್ಲಿ ಆ ಲೆಮನ್ ಫೋಟೋ...’ ಎಂದು ಇಂಚರ ಬಾಯಿ ತೆರೆದಳು. ‘ಶ್! ಏರ್‌ಪೋರ್ಟ್ ಅನ್ಬೇಡ್ವೇ!’ ಎಂದು ಪಿಸುಗುಟ್ಟಿದೆ. ಮುಂದಿನ ಸೀಟಿನ ಮುದುಕರೊಬ್ಬರು ಎದ್ದು ಆಚೆ ಕಿಟಕಿಗೆ ಹೋಗಿ ಕೂತರು. ಸರಿ, ಗೊತ್ತಾಯಿತು, ಇನ್ನು ರೈಲು ನಿಲ್ಲಿಸುತ್ತಾರೆ ಎಂದುಕೊಂಡೆ. ಅವರು ಅಲ್ಲಿ ಫೋನನ್ನು ಚಾರ್ಜಿಗೆ ಹಾಕಿ ನಿದ್ದೆಹೋದರು.

ಅದೇ ಹೊತ್ತಿಗೆ ಮಧ್ಯಾಹ್ನದ ಚಟ್ನಿಪುಡಿ ಗಂಟಲಿನಲ್ಲಿ ಎಲ್ಲಿ ಅಡಗಿತ್ತೋ, ಕೆರೆಯಲು ಶುರುಮಾಡಿತು. ಆ ಕಾಲದಲ್ಲಿ ರೈಲಿನಲ್ಲಿ ಕೆಮ್ಮುವುದೆಂದರೆ ಬಾಂಬಿದೆ ಎಂದು ಕೂಗಿದ ಹಾಗೆ. ಮಾಸ್ಕಿನ ಮೇಲೆ ಕೈ ಒತ್ತಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಎಷ್ಟೋ ಸ್ಟೇಷನ್ನು ಆ ಕೆಮ್ಮನ್ನು ಹೊತ್ತುಕೊಂಡು ಕೂತೆ. ಕೊನೆಗೆ ಒಂದು ವೇಗದ ರೈಲು ಪಕ್ಕದಲ್ಲಿ ಧಡಧಡ ಹಾದುಹೋಗುವ ಸದ್ದಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕೆಮ್ಮಿಕೊಂಡೆ. ನಾಲ್ಕು ಜನರ ಕಣ್ಣಿಗೆ ಹೆದರಿ ಸಾಯುತ್ತಿದ್ದ ನನ್ನ ಗಂಡ ಏನು ಮಾಡುತ್ತಿದ್ದರು ಗೊತ್ತೆ? ಬಾಯಿ ತೆರೆದುಕೊಂಡು ಗೊರಕೆ. ನಿಯಮದಲ್ಲಿ ಇದೆ, ಹೆಂಡತಿ ಹೇಳಿದ್ದಾಳೆ, ಇನ್ನು ಜವಾಬ್ದಾರಿ ತಮ್ಮದಲ್ಲ. ಅವರು ನಗೋಯಾ ಬರುವವರೆಗೆ ಏಳಲಿಲ್ಲ.

ಮೂರನೆಯ ದಿನ ಪರೀಕ್ಷೆಯಾಯಿತು, ಮೂವರೂ ನೆಗೆಟಿವ್. ಇಂಚರ ಮನೆಯಲ್ಲಿ ಕುಣಿದಾಡಿದಳು. ಟೀಚರು ಫೋನಿನಲ್ಲಿ ಸಂತೋಷಕ್ಕೆ ಅತ್ತೇಬಿಟ್ಟರು. ಆದರೆ ಕೊರೋನಾ ಕಾರಣ ಮನೆಗೊಬ್ಬರೇ ಬರಬೇಕು ಎಂದೂ ಹೇಳಿದರು. ಒಬ್ಬರು ಎಂದರೆ ನಾನು ಎಂಬುದರಲ್ಲಿ ಯಾರಿಗಾದರೂ ಅನುಮಾನ ಇರುತ್ತದೆಯೆ? ಮೈಸೂರಿನಲ್ಲಿ ಬೆಳಗಿನ ಜಾವ ಅವಳ ಜೊತೆ ಎದ್ದು ಹಾಲು ಕಾಯಿಸಿದ್ದು ನಾನು, ಗಂಡನನ್ನು ಬೈದು ರೈಲು ಹತ್ತಿಸಿದ್ದು ನಾನು. ಇಸ್ತ್ರಿ ಮಾಡಲು ಸೀರೆಯನ್ನೂ ತೆಗೆದಿಟ್ಟೆ. ಇಂಚರ ಬಾಗಿಲ ಬಳಿ ನಿಂತುಕೊಂಡಳು.

‘ಅಮ್ಮಾ, ಅಪ್ಪ ಬರ್ಲಾ?’

‘ಯಾಕೆ?’

‘ಅಲ್ಲಿ ಯಾರೂ ಮಾತಾಡಲ್ಲ ಅಮ್ಮಾ. ಹಾಡೋವಾಗ ಕಂಪ್ಲೀಟ್ ಸೈಲೆನ್ಸ್. ಅಪ್ಪ ಸುಮ್ನೆ ಕೂತಿರ್ತಾರೆ. ನೀನು...’ ಎಂದು ಸ್ವಲ್ಪ ಹುಡುಕಿ, ‘ಕಾರಲ್ಲಿ ಹೋಲ್ ಡೇ ಮಾತಾಡ್ತಾನೇ ಇದ್ದೆ. ನೀನು ಪಕ್ಕದವ್ರಿಗೆ ಏನಾದ್ರೂ ಹೇಳ್ತೀಯ. ಐ ನೋ’ ಎಂದಳು.

ಬೈಯಲು ಬಾಯಿ ತೆರೆದೆ. ತೆರೆದರೆ ಅವಳ ಮಾತೇ ನಿಜವಾಗುತ್ತದಲ್ಲ ಎಂದು ಮುಚ್ಚಿದೆ. ಸೀರೆಯನ್ನು ಮಡಿಸಿ ಒಳಗಿಟ್ಟು, ಇವರ ಕಪ್ಪು ಸೂಟಿಗೆ ಇಸ್ತ್ರಿ ಹಾಕಿದೆ.

ಆದರೂ ಮನೆಯಲ್ಲಿ ಕೂರಲು ಆಗಲಿಲ್ಲ. ಸಮಾರಂಭದ ಹೊತ್ತಿಗೆ ಶಾಲೆಯ ಬೇಲಿಯ ಹೊರಗೆ, ಸಭಾಂಗಣದ ಪಕ್ಕದ ಗಲ್ಲಿಯಲ್ಲಿ ಹೋಗಿ ನಿಂತೆ. ಗಾಳಿಯಾಡಲಿ ಎಂದು ಆ ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆರೆದಿದ್ದರು. ನನ್ನ ಹಾಗೆಯೇ ಒಳಗೆ ಜಾಗ ಸಿಗದ ಒಬ್ಬ ಜಪಾನಿ ಹೆಂಗಸು, ಯಾರೋ ಒಂದು ಮಗುವಿನ ತಾಯಿ, ಸ್ವಲ್ಪ ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಪಿಯಾನೋ ಶುರುವಾಯಿತು. ನಮ್ಮ ಇಂಚರಳ ಕೈ, ಸಾವಿರ ಸಲ ಕೇಳಿದ್ದೇನೆ, ಗುರುತು ಸಿಗದೆ ಇರುತ್ತದೆಯೆ? ಮಕ್ಕಳ ಧ್ವನಿ ಸೇರಿಕೊಂಡಿತು. ನನಗೆ ಅಳು ಉಕ್ಕಿ ಬಂತು. ಕಣ್ಣೊರೆಸಿಕೊಂಡು, ತುಟಿ ಕಚ್ಚಿಕೊಂಡು, ಒಂದಕ್ಷರ ಆಡದೆ ನಿಂತೆ. ಬಹಳ ಹೊತ್ತು ನಿಂತೆ. ಆಮೇಲೆ, ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ, ಆ ಹೆಂಗಸಿನ ಕಡೆ ಎರಡೇ ಹೆಜ್ಜೆ ಸರಿದು, ‘ನುಡಿಸುತ್ತಿರುವುದು ನನ್ನ ಮಗಳು’ ಎಂದು ಜಪಾನಿಯಲ್ಲಿ ಪಿಸುಗುಟ್ಟಿದೆ.

ಅವಳು ‘ಅಯ್ಯೋ, ಹೌದಾ!’ ಎಂಬಂತೆ ಉದ್ಗರಿಸಿ ಬಗ್ಗಿದಳು. ನಾನು ಬಗ್ಗಿದೆ. ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಎಂದು ಅವಳು ಮತ್ತೆ ಬಗ್ಗಿದಳು. ಇಲ್ಲ ಇಲ್ಲ, ಏನೂ ಬರುವುದಿಲ್ಲ ಎಂದು ನಾನು ಮತ್ತೆ ಬಗ್ಗಿದೆ. ಮೈಸೂರಿನಿಂದ ಈಗಷ್ಟೇ ಬಂದೆವು, ದಾರಿಯಲ್ಲಿ ಏನಾಯಿತು ಗೊತ್ತೆ ಎಂದು ನಾನು ಶುರುಮಾಡಿದೆ. ಟೋಲ್ ಗೇಟಿನವರೆಗೆ ಹೇಳಿದ್ದೆ, ಒಳಗಿನಿಂದ ಚಪ್ಪಾಳೆ ಕೇಳಿಸಿತು. ಹಾಡು ಮುಗಿದುಹೋಗಿತ್ತು.

ಸಮಾರಂಭ ಮುಗಿದ ಮೇಲೆ ಬೇಲಿಯಾಚೆ ನನ್ನನ್ನು ಕಂಡು ಇಂಚರ ಓಡಿಬಂದಳು, ಹಿಂದೆ ಇವರು. ‘ಅಮ್ಮಾ! ನೀನು ಇಲ್ಲೇ ಇದ್ಯಾ? ಕೇಳಿಸ್ತಾ? ಲಾಸ್ಟ್ ಪಾರ್ಟ್ ಕೇಳಿಸ್ತಾ? ಅಲ್ಲಿ ಸ್ಲೋ ಮಾಡ್ದೆ, ನಿಂಗೆ ಇಷ್ಟ ಅಲ್ವಾ ಹಾಗೆ, ಅದಕ್ಕೆ’ ಎಂದಳು.

‘ಕೇಳಿಸ್ತು ಕಂದಾ. ತುಂಬಾ ಚೆನ್ನಾಗಿತ್ತು’ ಎಂದೆ.

ಅವಳು ಗೆಳತಿಯರ ಕಡೆ ಓಡಿದ ಮೇಲೆ ಇವರನ್ನು ಪಕ್ಕಕ್ಕೆ ಎಳೆದು, ‘ವಿಡಿಯೋ ತೆಗೆದ್ರಲ್ವಾ?’ ಎಂದು ಕೇಳಿದೆ.

‘ತೆಗೀಬಾರದು ಅಂತ ಬೋರ್ಡ್ ಹಾಕಿದ್ರು ಕಣೇ’ ಎಂದರು. ‘ಎಲ್ರೂ ತೆಗೀತಿದ್ರು. ನಾನು ತೆಗೀಲಿಲ್ಲ.’

ಅನ್ನಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಮದುವೆಯಾದ ಮೇಲೆ ಮೊದಲ ಸಲ ಒಂದನ್ನೂ ಹೊರಗೆ ಬಿಡದೆ ನುಂಗಿಕೊಂಡೆ. ‘ಮೈ ಹುಷಾರಿಲ್ವಾ?’ ಎಂದು ಇವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು.